ದಿನಕ್ಕೆರಡು ಕುರಿ, ಎರಡು ವರಹ

ಹೊರಗಿನಿಂದ ವ್ಯವಹಾರಕ್ಕೆಂದು ಬಂದವರನ್ನು ಸಂಜೆ ಎಲ್ಲಿಗೆ ಕರೆದೊಯ್ಯಬೇಕು ಎಂಬ ಪ್ರಶ್ನೆ ಎದ್ದಾಗ ದೆಹಲಿಯ ಕಚೇರಿಗಳಲ್ಲಿ ಬೇಗ ಕೇಳಿಬರುವ ಹೆಸರುಗಳಲ್ಲಿ ಹೌಜ್ ಖಾಸ್ ಒಂದು. 1980ರ ದಶಕದ ಕೊನೆಯಲ್ಲಿ ಉಡುಪಿನ ಅಂಗಡಿಗಳಿಂದ ಬದಲಾಗತೊಡಗಿದ ಆ ಹಳ್ಳಿ ಈಗ ಊಟದ ಮನೆಗಳ ಗೂಡು. ಮೇಲ್ಮಹಡಿಯಲ್ಲಿ ಕುಳಿತರೆ ಕೆಳಗೆ ಕೆರೆ, ದಡದಲ್ಲಿ ಫಿರೋಜ್ ಶಾ ತುಘಲಕನ ಮದರಸ ಮತ್ತು ಗೋರಿ. ಪುರಾತನ ಸ್ಮಾರಕದ ಪಕ್ಕದಲ್ಲಿ ಇದೆಂಥ ಗದ್ದಲ ಎಂದು ಮೂಗುಮುರಿಯುವವರು ಒಮ್ಮೆ ಇಬ್ನ್ ಬತೂತನನ್ನು ಓದಬೇಕು.

ಆತ ದೆಹಲಿಯಲ್ಲಿದ್ದುದು 1334ರಿಂದ 1342ರವರೆಗೆ. ಅಲ್ಲಾವುದ್ದೀನ್ ಖಿಲ್ಜಿ ತನ್ನ ಸಿರಿ ನಗರದ ನೀರಿಗಾಗಿ ತೋಡಿಸಿದ ಈ ಕೆರೆ ಆಗಲೇ ಇತ್ತು. ಮದರಸ ಇನ್ನೂ ಎದ್ದಿರಲಿಲ್ಲ. ಕೆರೆಯ ಸುತ್ತ ಸುಮಾರು ನಲವತ್ತು ಗುಮ್ಮಟಗಳಿದ್ದವು, ಸಂಗೀತಗಾರರು ಅಲ್ಲಿ ವಾಸಿಸುತ್ತಿದ್ದರು, ಆ ಬಡಾವಣೆಗೆ ತರಬಾಬಾದ್ ಎಂದು ಹೆಸರಿತ್ತು, ಅವರದೇ ದೊಡ್ಡ ಬಜಾರಿತ್ತು ಎಂದು ಆತ ಬರೆಯುತ್ತಾನೆ. ತರಬ್ ಎಂದರೆ ಉಲ್ಲಾಸ. ಅಲ್ಲಿನ ಗಾಯಕಿಯರು ರಂಜಾನಿನ ರಾತ್ರಿಗಳಲ್ಲಿ ಒಟ್ಟಾಗಿ ಪ್ರಾರ್ಥನೆ ಮಾಡುತ್ತಿದ್ದರೆಂಬುದನ್ನೂ ಆತ ಮರೆಯುವುದಿಲ್ಲ. ಗದ್ದಲಕ್ಕೇ ಇಲ್ಲಿ ಮದರಸಕ್ಕಿಂತ ಹೆಚ್ಚು ವಯಸ್ಸು!

ಆದರೆ ಅತಿಥಿಸತ್ಕಾರದ ಇತಿಹಾಸಕ್ಕೆ ಆತ ಕೊಡುವ ಮುಖ್ಯ ಸಾಕ್ಷ್ಯ ಬೇರೆಯದು. ಮಹಮ್ಮದ್ ಬಿನ್ ತುಘಲಕ್ ಪರದೇಶದಿಂದ ಬಂದವರಿಗೆ ಅವರು ತಂದ ಕಾಣಿಕೆಯ ಹಲವು ಪಟ್ಟು ಮರಳಿ ಕೊಡುತ್ತಿದ್ದ. ಇದನ್ನರಿತ ವರ್ತಕರು ಹೊಸಬರಿಗೆ ಸಾವಿರಾರು ದಿನಾರುಗಳನ್ನೂ ಕುದುರೆ, ಒಂಟೆಗಳನ್ನೂ ಸಾಲವಾಗಿ ಒದಗಿಸುತ್ತಿದ್ದರು. ಸುಲ್ತಾನನ ಕೊಡುಗೆ ಕೈಸೇರಿದ ಮೇಲೆ ಲಾಭಸಮೇತ ವಸೂಲಿ ಮಾಡುತ್ತಿದ್ದರು. ಔದಾರ್ಯವೇ ಒಂದು ಬಂಡವಾಳದ ಮಾರುಕಟ್ಟೆಯಾಗಿತ್ತು. ಇಬ್ನ್ ಬತೂತನ ಬೀಡಿಗೆ ಹಿಟ್ಟು, ಮಾಂಸ, ಸಕ್ಕರೆ, ತುಪ್ಪದ ಜೊತೆಗೆ ಸಾವಿರ ವೀಳ್ಯದೆಲೆಗಳೂ ಬಂದವು. ಸಾಲವೂ ಬೆಳೆಯಿತು: 55,000 ದಿನಾರು. ಸಾಲಗಾರರು ಅರಮನೆಯ ಬಾಗಿಲಲ್ಲಿ ಹಿಡಿದು ನಿಲ್ಲಿಸಿದಾಗ ಅದನ್ನು ತೀರಿಸಬೇಕಾದವನೂ ಸುಲ್ತಾನನೇ.

1398ರ ಡಿಸೆಂಬರಿನಲ್ಲಿ ಇದೇ ಕೆರೆಯ ಬಳಿ ಆಹ್ವಾನವಿಲ್ಲದೆ ಬಂದು ಬೀಡುಬಿಟ್ಟವನು ತೈಮೂರ್. ಆ ಕಥೆ ಎಲ್ಲರಿಗೂ ಗೊತ್ತು. ನಮಗೆ ಬೇಕಾದದ್ದು ಆತನ ಮಗ ಶಾರುಖ್. ಏಕೆಂದರೆ ಅವನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಮಂಗಳೂರು, ಬೇಲೂರುಗಳ ದಾರಿಯಾಗಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ.

ಆತನಿಗೆ ಗೊತ್ತುಮಾಡಿದ ದಿನದ ಪಡಿ ಹೀಗಿತ್ತು: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಚಿನ್ನ. ವಾರಕ್ಕೆರಡು ಸಂಜೆ ಅರಸನ ಭೇಟಿ. ಹೊರಡುವಾಗ ತಾಂಬೂಲ, ಹಣದ ಚೀಲ, ಕರ್ಪೂರ. ನಮ್ಮ ಸಭೆಗಳಲ್ಲಿ ವಿಜಯನಗರದ ವೈಭವ ಕುರಿತ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ರಜಾಕನ ಬರಹ ಮುಂದುವರಿಯುತ್ತದೆ.

ಹೋರ್ಮುಜ್‌ನ ಕೆಲವರು, ಈತ ನಿಜವಾದ ರಾಯಭಾರಿಯಲ್ಲ, ಪತ್ರ ಹಿಡಿದು ಬಂದ ವರ್ತಕ ಎಂದು ಸುದ್ದಿ ಹಬ್ಬಿಸಿದರು. ಕುದುರೆಗಳು ಹೋರ್ಮುಜ್‌ನಿಂದಲೇ ಬರಬೇಕಾಗಿದ್ದ ಕಾಲ. ಅವರ ಮಾತಿಗೆ ತೂಕವಿತ್ತು. ದಂಡನಾಯಕ ಕಲಬುರಗಿಯತ್ತ ದಂಡೆತ್ತಿ ಹೋಗಿದ್ದಾಗ ಅವನ ಸ್ಥಾನದಲ್ಲಿದ್ದ ಅಧಿಕಾರಿ ರಜಾಕನ ಪಡಿಯನ್ನು ನಿಲ್ಲಿಸಿದ. ಹಿಂದಿರುಗಿದ ದಂಡನಾಯಕ ಆ ಅಧಿಕಾರಿಯನ್ನು ಗದರಿ, ಬಂದ ದಿನವೇ ಟಂಕಸಾಲೆಯಿಂದ 7,000 ವರಹ ಕೊಡಿಸಿದನಂತೆ. ನನಗೆ ಆ ಕುರಿಕೋಳಿಗಳ ಪಟ್ಟಿಗಿಂತ ಈ ಪ್ರಸಂಗವೇ ಮುಖ್ಯವೆನಿಸುತ್ತದೆ. ಅನ್ನ ಹಾಕುವವರು ಅತಿಥಿಯ ಮುಖವನ್ನಲ್ಲ, ಅವನ ಹಿಂದೆ ನಿಂತವರನ್ನು ನೋಡುತ್ತಿದ್ದರು. ಹಿಂದೆ ಯಾರೂ ಇಲ್ಲವೆಂದರೆ ಬೆಣ್ಣೆಯೂ ಇಲ್ಲ. ಅತಿಥಿ ಎಂಬ ಪದಕ್ಕೆ ತಿಥಿ ಗೊತ್ತುಮಾಡದೆ ಬರುವವನು ಎಂದು ಅರ್ಥ ಹೇಳುವ ರೂಢಿಯುಂಟು. ವ್ಯವಹಾರಕ್ಕೆ ಬರುವವನಿಗೆ ತಿಥಿಯೂ ಉಂಟು, ಕಡತವೂ ಉಂಟು. ಅವನಿಗೆ ಬೇರೊಂದು ಪದವೇ ಬೇಕಿತ್ತು.

ಕೃಷ್ಣದೇವರಾಯ ಇದನ್ನು ಮುಚ್ಚಿಡಲಿಲ್ಲ. ತೆಲುಗಿನಲ್ಲಿ ರಚಿಸಿದ 'ಆಮುಕ್ತಮಾಲ್ಯದ'ದ ರಾಜನೀತಿ ಭಾಗದಲ್ಲಿ, ಆನೆ, ಕುದುರೆಗಳನ್ನು ತರುವ ದೂರದ್ವೀಪಗಳ ವರ್ತಕರಿಗೆ ಊರುಗಳನ್ನೂ ನಗರದಲ್ಲಿ ಒಳ್ಳೆಯ ಮನೆಗಳನ್ನೂ ಕೊಟ್ಟು, ದರ್ಶನ, ಉಡುಗೊರೆ, ತಕ್ಕ ಲಾಭಗಳಿಂದ ತನ್ನವರನ್ನಾಗಿ ಮಾಡಿಕೊಳ್ಳಬೇಕೆಂದು ಹೇಳುತ್ತಾನೆ. ಕಾರಣವನ್ನೂ ಹೇಳುತ್ತಾನೆ: ಆ ಸರಕು ಶತ್ರುವಿನ ಪಾಲಾಗಬಾರದು. ಇದರಲ್ಲಿ ನಾಚಿಕೆಪಡುವಂಥದ್ದೇನನ್ನೂ ನಾನು ಕಾಣೆ. ಲೆಕ್ಕವನ್ನು ಬಚ್ಚಿಡುವ ಸತ್ಕಾರಕ್ಕಿಂತ ಲೆಕ್ಕ ಹೇಳಿಯೇ ಬಡಿಸುವ ಸತ್ಕಾರ ಪ್ರಾಮಾಣಿಕವಾದುದು.

ಅಂದು ಬಡಿಸುತ್ತಿದ್ದುದು ರಾಜ್ಯ, ಉಣ್ಣುತ್ತಿದ್ದುದು ವ್ಯಾಪಾರ. ಇಂದು ಹೌಜ್ ಖಾಸ್‌ನ ಮೇಜುಗಳಲ್ಲಿ ಎಷ್ಟೋ ಬಾರಿ ಅದು ತಿರುವುಮುರುವಾಗಿದೆ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 13ನೆಯ ನಿಯಮ ನನ್ನಂಥ ನೌಕರರಿಗೆ ಹೇಳುವುದೇನೆಂದರೆ, ಅಪರೂಪದ ಊಟ ಉಡುಗೊರೆಯಲ್ಲ. ಆದರೆ ಕಚೇರಿಯೊಡನೆ ವ್ಯವಹಾರವಿರುವ ಸಂಸ್ಥೆಗಳಿಂದ ಅದ್ದೂರಿಯಾದ ಅಥವಾ ಪದೇಪದೇ ನಡೆಯುವ ಆತಿಥ್ಯವನ್ನು ದೂರವಿಡಬೇಕು. ಅದ್ದೂರಿ ಎಂದರೆ ಎಷ್ಟು ಮಣ ಬೆಣ್ಣೆ ಎಂಬುದನ್ನು ನಿಯಮ ಹೇಳುವುದಿಲ್ಲ. ಒಡನಾಟ ಎಲ್ಲಿ ಮುಗಿದು ಋಣ ಎಲ್ಲಿ ಹುಟ್ಟುತ್ತದೆಂಬುದನ್ನು ಮೇಜಿನ ಮುಂದೆ ಕುಳಿತವನೇ ಅಳೆಯಬೇಕು. ತಾಂಬೂಲ ಹಿಡಿದರೆ ಮಾತು ಕೊಟ್ಟಂತೆ ಎಂದು ನಂಬುವ ನಾಡಿನವರಿಗೆ ಆ ಅಳತೆ ಅಷ್ಟೇನೂ ಅಪರಿಚಿತವಲ್ಲ.

ಕೃಷ್ಣದೇವರಾಯನ ಆಸ್ಥಾನಕ್ಕೆ ಸುಮಾರು 1520ರಲ್ಲಿ ಬಂದ ಪೋರ್ಚುಗೀಸರ ತಂಡವೊಂದರ ವಿವರವನ್ನು ಡೊಮಿಂಗೊ ಪಾಯೆಸ್ ಬಿಟ್ಟುಹೋಗಿದ್ದಾನೆ. ತಂಡದ ಮುಖಂಡ ಕ್ರಿಸ್ಟೋವಾವ್ ಡಿ ಫಿಗ್ಯೂರೆಡೊ. ಆ ಕಾಲದಲ್ಲಿ ಆತ ಕುದುರೆಗಳೊಂದಿಗೆ ರಾಜಧಾನಿಯಲ್ಲಿದ್ದನೆಂದು ನೂನಿಜ್ ಹೇಳುತ್ತಾನೆ. ಈಗಿನ ಹೊಸಪೇಟೆಯ ಜಾಗದಲ್ಲಿದ್ದ ಹೊಸ ನಗರದಲ್ಲಿ ಅವರಿಗೆ ಒಳ್ಳೆಯ ಮನೆಗಳನ್ನು ಬಿಟ್ಟುಕೊಡಲಾಯಿತು. ಅರಸನ ಕಡೆಯಿಂದ ಊಟಕ್ಕೆಂದು ಕುರಿ, ಕೋಳಿಗಳೂ ಬೆಣ್ಣೆ, ಜೇನು ತುಂಬಿದ ಪಾತ್ರೆಗಳೂ ಬಂದವು. ಫಿಗ್ಯೂರೆಡೊ ಅವನ್ನೆಲ್ಲ ಕೂಡಲೇ ತನ್ನ ಜೊತೆ ಬಂದಿದ್ದ ಕಾಲಾಳುಗಳಿಗೆ ಹಂಚಿಬಿಟ್ಟ.