ಒಂದೇ ಪದದಷ್ಟು ದಪ್ಪದ ಗೋಡೆ

1957ರ ಆರಂಭದಲ್ಲಿ ಅಮೆರಿಕದ ರೆಕಾರ್ಡ್ ಅಂಗಡಿಗಳಿಗೆ ಡೇಲ್ ಕುಕ್ ಅನ್ನೋ ಹೊಸ ಗಾಯಕನ ಹಾಡೊಂದು ಬಂತು. ಹೆಸರು 'ಲವಬಲ್'. ಹುಡುಗಿಯೊಬ್ಬಳನ್ನು ಹೊಗಳುವ ಸಾದಾ ಪ್ರೇಮಗೀತೆ. ಆದರೆ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದವರನ್ನು ಆ ಹೆಸರು ಏಮಾರಿಸಲಿಲ್ಲ. ದನಿ ಸ್ಯಾಮ್ ಕುಕ್‌ನದು, 'ಸೋಲ್ ಸ್ಟಿರರ್ಸ್' ಎಂಬ ಪ್ರಸಿದ್ಧ ಗಾಸ್ಪೆಲ್ ತಂಡದ ಮುಖ್ಯ ಗಾಯಕನದು. ಹಾಡೂ ಹಳೆಯದೇ. ಅದೇ ತಂಡ ದೇವರ ಬಗ್ಗೆ ಹಾಡಿದ್ದ 'ವಂಡರ್‌ಫುಲ್'. ಆ ಪದದ ಜಾಗಕ್ಕೆ 'ಲವಬಲ್' ಬಂದಿತ್ತು, ದೇವರ ಜಾಗಕ್ಕೆ ಹುಡುಗಿ ಬಂದಿದ್ದಳು. ಧಾಟಿ ಹೆಚ್ಚುಕಮ್ಮಿ ಹಾಗೇ ಇತ್ತು.

ಬದಲಾಗಿದ್ದು ಇಷ್ಟೇ ಇಷ್ಟು. ಹಾಗಿದ್ರೆ ಹೆಸರು ಮುಚ್ಚಿಡುವಷ್ಟು ಭಯ ಯಾಕೆ? ಅದು ಅರ್ಥವಾಗಬೇಕಾದ್ರೆ ಸುಮಾರು ಮೂವತ್ತು ವರ್ಷ ಹಿಂದಕ್ಕೆ, ಶಿಕಾಗೋಗೆ ಹೋಗಬೇಕು.

1910ರಲ್ಲಿ ಆ ಊರಲ್ಲಿದ್ದ ಕಪ್ಪು ಜನರ ಸಂಖ್ಯೆ ಸುಮಾರು 44 ಸಾವಿರ. 1930ರ ಹೊತ್ತಿಗೆ ಅದು 2.3 ಲಕ್ಷ ದಾಟಿತ್ತು. ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ಹಿಂಸೆಯನ್ನೂ ಬಿಟ್ಟು ರೈಲು ಹತ್ತಿ ಬಂದವರು ಇವರು. ಬರುವಾಗ ತಮ್ಮ ಚಪ್ಪಾಳೆ, ಕೂಗು, ತೂಗಾಟಗಳನ್ನೂ ಜೊತೆಗೆ ತಂದರು. ಆದರೆ ಮೊದಲೇ ಅಲ್ಲಿ ನೆಲೆಯೂರಿದ್ದ ದೊಡ್ಡ ಚರ್ಚುಗಳಿಗೆ ಅದೇ ಮುಜುಗರ. ಬಿಳಿಯರೆದುರು ತಲೆಯೆತ್ತಿ ನಿಲ್ಲಬೇಕಾದ್ರೆ ಯುರೋಪಿನ ಶಾಸ್ತ್ರೀಯ ವೃಂದಗಾನವನ್ನು ನೋಡಿಕೊಂಡು, ತಪ್ಪಿಲ್ಲದೆ ಹಾಡಬೇಕು ಅಂತ ಅವರು ನಂಬಿದ್ದರು. ಅವರನ್ನು ನೋಡಿ ನಗುವುದು ಸುಲಭ. ಮರ್ಯಾದೆಗಾಗಿ ಅಷ್ಟು ಕಷ್ಟಪಟ್ಟವರಿಗೆ ಅದು ಕೈಜಾರುವ ಭಯ ಇದ್ದೇ ಇರುತ್ತೆ.

ಇಂಥ ಊರಲ್ಲಿ ಥಾಮಸ್ ಎ. ಡಾರ್ಸಿ ಅನ್ನೋ ಪಿಯಾನೋ ವಾದಕ ಇದ್ದ. ಹುಟ್ಟಿದ್ದು 1899ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ಅಪ್ಪ ಪಾದ್ರಿ, ಮಗ ಬ್ಲೂಸ್ ಸಂಗೀತಗಾರ. ಮಾ ರೈನಿ ಎಂಬ ಮಹಾನ್ ಬ್ಲೂಸ್ ಗಾಯಕಿಯ ತಂಡ ನಡೆಸಿದವನು. 'ಜಾರ್ಜಿಯಾ ಟಾಮ್' ಅನ್ನೋ ಹೆಸರಲ್ಲಿ, ಟ್ಯಾಂಪಾ ರೆಡ್ ಜೊತೆ ಸೇರಿ 1928ರಲ್ಲಿ 'ಇಟ್ಸ್ ಟೈಟ್ ಲೈಕ್ ದಟ್' ರೆಕಾರ್ಡ್ ಮಾಡಿದ. ಮನೆಮಂದಿಯ ಮುಂದೆ ಹಾಕೋಕೆ ಆಗದಂಥ ಪೋಲಿ ಹಾಡು, ಮಾರಾಟ ಮಾತ್ರ ಭರ್ಜರಿ.

ಇದೇ ಮನುಷ್ಯ ದೇವರ ಹಾಡುಗಳನ್ನೂ ಬರೀತಿದ್ದ. ಕೈ ಮಾತ್ರ ಅದೇ ಬ್ಲೂಸ್ ಕೈ: ಅದೇ ಜಾರುವ ಸ್ವರ, ಅದೇ ತೂಗುವ ತಾಳ. ಹಾಡಿನ ಹಾಳೆಗಳನ್ನು ಅಚ್ಚು ಹಾಕಿಸಿ ಚರ್ಚಿಂದ ಚರ್ಚಿಗೆ ಹೊತ್ತು ತಿರುಗಿದ. ಎಷ್ಟೋ ಕಡೆ ಹೊರಗೆ ಹಾಕಿದರು. ಹೆಂಡದಂಗಡಿಯ ಸಂಗೀತ ದೇವರ ಮನೆಗೆ ಬೇಡ ಅನ್ನೋದು ಅವರ ವಾದ. ಆದರೆ ಹೊಸದಾಗಿ ಬಂದ ವಲಸಿಗರಿಗೆ ಆ ಹಾಡಲ್ಲಿ ತಮ್ಮೂರು ಕೇಳಿಸಿತು. 1932ರಲ್ಲಿ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚು ಅವನನ್ನು ಗಾಯನವೃಂದದ ನಿರ್ದೇಶಕನಾಗಿ ಕರೆಯಿತು.

ಅದೇ ವರ್ಷದ ಆಗಸ್ಟ್. ಡಾರ್ಸಿ ಸೇಂಟ್ ಲೂಯಿಸ್‌ನಲ್ಲಿ ಒಂದು ಧಾರ್ಮಿಕ ಕೂಟದಲ್ಲಿ ಹಾಡುತ್ತಿದ್ದ. ಮನೆಯಲ್ಲಿ ತುಂಬು ಗರ್ಭಿಣಿ ಹೆಂಡತಿ ನೆಟಿ. ಹೆರಿಗೆಯಲ್ಲಿ ಆಕೆ ತೀರಿಕೊಂಡಳೆಂದು ತಂತಿ ಬಂತು. ಓಡಿ ಬಂದರೆ ಮಗು ಬದುಕಿತ್ತು, ಆದರೆ ಸ್ವಲ್ಪ ಹೊತ್ತಲ್ಲೇ ಅದೂ ಹೋಯಿತು. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು. ಕೆಲವು ದಿನಗಳ ನಂತರ ಪಿಯಾನೋ ಮುಂದೆ ಕೂತಾಗ ಹುಟ್ಟಿದ್ದು 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್'. ರಾಗ ಅವನ ಸ್ವಂತದ್ದಲ್ಲ, 19ನೇ ಶತಮಾನದ ಸ್ತೋತ್ರವೊಂದರದ್ದು. ಅದನ್ನು ನಿಧಾನ ಮಾಡಿ, ಬ್ಲೂಸಿನಂತೆ ಎಳೆದ. ದಣಿದವನೊಬ್ಬ ಕೈ ಹಿಡಿದು ನಡೆಸು ಅಂತ ಕೇಳುತ್ತಾನೆ, ಹಾಡಿನ ತಿರುಳು ಅಷ್ಟೇ.

36 ವರ್ಷಗಳ ನಂತರ, 1968ರ ಏಪ್ರಿಲ್ 4ರ ಸಂಜೆ, ಮೆಂಫಿಸ್‌ನ ಲೊರೇನ್ ಮೊಟೆಲಿನ ಬಾಲ್ಕನಿಯಲ್ಲಿ ನಿಂತ ಮಾರ್ಟಿನ್ ಲೂಥರ್ ಕಿಂಗ್, ಕೆಳಗಿದ್ದ ಸಂಗೀತಗಾರ ಬೆನ್ ಬ್ರಾಂಚ್‌ಗೆ ರಾತ್ರಿಯ ಸಭೆಯಲ್ಲಿ ಇದೇ ಹಾಡು ನುಡಿಸು ಅಂದರು. ಕೆಲವೇ ಕ್ಷಣಗಳಲ್ಲಿ ಗುಂಡು ಬಿತ್ತು. ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದರು. ಒಂದು ಕಾಲಕ್ಕೆ ಡಾರ್ಸಿಯ ಹಾಡಿನ ಹಾಳೆ ಮಾರಾಟವಾಗಲಿ ಅಂತ ಅವನ ಜೊತೆ ತಿರುಗಿ ಹಾಡುತ್ತಿದ್ದವರು ಈ ಮಹಾಲಿಯಾ.

ಬ್ಲೂಸ್ ಚರ್ಚಿನ ಒಳಗೆ ಬಂದದ್ದು ಹೀಗೆ. ಚರ್ಚಿನ ಹಾಡು ಹೊರಗೆ ಹೋದಾಗಲೂ ಗಲಾಟೆ ಕಮ್ಮಿಯೇನಿರಲಿಲ್ಲ. ರೇ ಚಾರ್ಲ್ಸ್ 1954ರಲ್ಲಿ ಗಾಸ್ಪೆಲ್ ಹಾಡೊಂದರ ಮೇಲೆ ಕಟ್ಟಿ 'ಐ ಗಾಟ್ ಅ ವುಮನ್' ರೆಕಾರ್ಡ್ ಮಾಡಿದಾಗ ಬಿಗ್ ಬಿಲ್ ಬ್ರೂಂಜಿಯಂಥ ಬ್ಲೂಸ್ ಗಾಯಕನೇ ಇದು ಬೆರಕೆ, ತಪ್ಪು ಅಂದ. ಸ್ಯಾಮ್ ಕುಕ್‌ನ ಗುಟ್ಟು ರಟ್ಟಾದ ಮೇಲೆ ಅವನೂ ಗಾಸ್ಪೆಲ್ ತಂಡ ಬಿಡಬೇಕಾಯ್ತು. ಅದೇ ವರ್ಷ ಸ್ವಂತ ಹೆಸರಲ್ಲಿ ಹಾಡಿದ 'ಯು ಸೆಂಡ್ ಮಿ' ದೇಶದ ನಂಬರ್ ಒನ್ ಹಾಡಾಯ್ತು.

ಈ ಜಗಳಕ್ಕೆ ಅತ್ಯಂತ ಚಂದದ ಉತ್ತರ ಕೊಟ್ಟವಳು ಅರೀತಾ ಫ್ರಾಂಕ್ಲಿನ್. ಪ್ರಸಿದ್ಧ ಪಾದ್ರಿಯ ಮಗಳು, ಪಾಪ್ ಲೋಕದ ರಾಣಿ. 1972ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಎರಡು ರಾತ್ರಿ ಹಾಡಿ 'ಅಮೇಜಿಂಗ್ ಗ್ರೇಸ್' ಆಲ್ಬಂ ರೆಕಾರ್ಡ್ ಮಾಡಿದಳು. ಪಿಯಾನೋದಲ್ಲಿ ಜೇಮ್ಸ್ ಕ್ಲೀವ್‌ಲ್ಯಾಂಡ್, ಹುಡುಗನಾಗಿದ್ದಾಗ ಡಾರ್ಸಿಯ ಚರ್ಚಿನಲ್ಲೇ ಹಾಡಿ ಬೆಳೆದವನು. ಅಲ್ಲಿ ಅರೀತಾ ಡಾರ್ಸಿಯ 'ಪ್ರೆಷಸ್ ಲಾರ್ಡ್'ಗೆ ಹಿಂದಿನ ವರ್ಷವಷ್ಟೇ ಬಂದಿದ್ದ ಕ್ಯಾರೊಲ್ ಕಿಂಗ್‌ಳ 'ಯು ಹ್ಯಾವ್ ಗಾಟ್ ಅ ಫ್ರೆಂಡ್' ಅನ್ನು ಜೋಡಿಸಿ ಒಂದೇ ಹಾಡು ಮಾಡಿಬಿಟ್ಟಳು. ಪಾಪ್ ಹಾಡಿನ ಗೆಳೆಯ ಯಾರು, ಸ್ತೋತ್ರದ ದೇವರು ಯಾರು? ಕೇಳ್ತಾ ಕೂತ್ರೆ ಬೇರೆ ಮಾಡೋಕೆ ಆಗಲ್ಲ. ಮಗಳು ಚರ್ಚು ಬಿಟ್ಟು ಹೋಗೇ ಇರಲಿಲ್ಲ ಅಂತ ಅವಳಪ್ಪ ಅಲ್ಲೇ ನಿಂತು ಹೇಳಿದರು.

ಆ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬಿಳಿಯರ ಚರ್ಚುಗಳಿಗೂ ಬರಿಗಾಲಿನ ಹಿಪ್ಪಿಗಳು ಗಿಟಾರ್ ಸಮೇತ ಬಂದಾಗಿತ್ತು. ಡ್ರಮ್ಸು, ಬಣ್ಣದ ಲೈಟು, ದೊಡ್ಡ ಪರದೆಯ ಇವತ್ತಿನ ಚರ್ಚ್ ಸಂಗೀತದ ಒಂದು ದೊಡ್ಡ ಬೇರು ಅಲ್ಲಿದೆ. ಸಿಡ್ನಿಯ ಹಿಲ್‌ಸಾಂಗ್ ಚರ್ಚಿನ ಡಾರ್ಲೀನ್ ಚೆಕ್ 1993ರಲ್ಲಿ ಬರೆದ 'ಶೌಟ್ ಟು ದ ಲಾರ್ಡ್' ಈ ಪರಂಪರೆಯದ್ದೇ. 2008ರಲ್ಲಿ 'ಅಮೆರಿಕನ್ ಐಡಲ್' ಸ್ಪರ್ಧಿಗಳು ಅದನ್ನು ಟೀವಿಯಲ್ಲಿ ಹಾಡಿದಾಗ ಮೊದಲ ರಾತ್ರಿ 'ಯೇಸು' ಇದ್ದ ಕಡೆ 'ಕುರುಬ' ಅನ್ನೋ ಅರ್ಥದ ಪದ ಹಾಕಿದ್ದರು. ಮರುರಾತ್ರಿ ಯೇಸು ವಾಪಸ್ ಬಂದ. ಐವತ್ತು ವರ್ಷ ಕಳೆದರೂ ಸ್ಯಾಮ್ ಕುಕ್‌ನ ಉಪಾಯವೇ!

ಇವತ್ತೂ ಟೀಕೆ ಇದೆ. ಮಂದ ಬೆಳಕಲ್ಲಿ ಅದೇ ಸಾಲನ್ನು ಹತ್ತು ಸಲ ಹಾಡಿಸಿ, ಕೊನೆಗೆ ಡ್ರಮ್ಸ್ ಏರಿಸಿದರೆ ಯಾರಿಗಾದರೂ ಕಣ್ಣು ತುಂಬುತ್ತೆ, ಅದು ಭಕ್ತಿಯೋ ತಂತ್ರವೋ ಅಂತ. ಪ್ರಶ್ನೆ ನ್ಯಾಯವಾದದ್ದೇ, ಹಾಡಿಗೆ ಅಷ್ಟು ಶಕ್ತಿ ಇರೋದ್ರಿಂದಲೇ ಅದು ಹುಟ್ಟುತ್ತೆ. ಆದರೆ ಧಾಟಿ ಎಲ್ಲಿಂದ ಬಂತು ಅಂತ ನೋಡಿ ಅದಕ್ಕೆ ಉತ್ತರ ಹೇಳೋಕಾಗಲ್ಲ. ಪೋಲಿ ಹಾಡು ನುಡಿಸಿದ ಬೆರಳುಗಳೇ 'ಪ್ರೆಷಸ್ ಲಾರ್ಡ್' ಅನ್ನೂ ನುಡಿಸಿದವು. ತಂತ್ರ ಎರಡೂ ಕಡೆ ಒಂದೇ ಆಗಿತ್ತು. ಎರಡನೆಯದನ್ನು ಬರೆಯುವಾಗ ಅವನು ಹೆಂಡತಿ ಮಗುವನ್ನು ಮಣ್ಣು ಮಾಡಿ ಬಂದಿದ್ದ. ಕೇಳಿದವರೂ ತಂತಮ್ಮ ಮನೆಯ ಸಾವುಗಳನ್ನು ಹೊತ್ತುಕೊಂಡೇ ಬಂದು ಕೂತಿದ್ದರು.