ಜಪ್ತಿಗೆ ಸಿಗದ ಭಾನುವಾರ

ಶಾಮನೂರು ದಾವಣಗೆರೆಯೊಳಗೆ ಕರಗುವ ಮುನ್ನ, ಇನ್ನೂ ಹಳ್ಳಿಯಾಗಿದ್ದ ಕಾಲಕ್ಕೆ, ಈ ಸೀಮೆಯಲ್ಲಿ ಗಂಡಹೆಂಡಿರ ಬಿಡುಗಡೆ ತೀರ್ಮಾನವಾಗುತ್ತಿದ್ದುದು ಹೆಚ್ಚಾಗಿ ಕುಲದ ಹಿರಿಯರ ಮುಂದೆ. ಹಳೇ ಮೈಸೂರಿನ ಅನೇಕ ಜಾತಿಗಳಲ್ಲಿ ಗಂಡನನ್ನು ಬಿಟ್ಟವಳು ಕೂಡಿಕೆಯಾಗಿ ಇನ್ನೊಂದು ಮನೆ ಸೇರಬಹುದಿತ್ತು. ಆಗ ಮೊದಲ ಗಂಡನಿಗೆ ತೆರದ ಹಣ ಹಿಂದಿರುಗಬೇಕಿತ್ತು. ಮಕ್ಕಳು ಸಾಮಾನ್ಯವಾಗಿ ತಂದೆಯ ಪಾಲು. ಲೆಕ್ಕ ಚುಕ್ತಾ ಆದರೆ ವ್ಯಾಜ್ಯವೂ ಮುಗಿದಂತೆ. ಆಮೇಲೆ ಬಂದ ಕೋರ್ಟು ತೆರ ಬಿಟ್ಟು ಜೀವನಾಂಶ ಹಿಡಿಯಿತು ನಿಜ. ಆದರೆ ಹಣವನ್ನು ಎಣಿಸಿ, ಮಗುವಿನ ಭೇಟಿಯನ್ನು ದಾಕ್ಷಿಣ್ಯಕ್ಕೆ ಬಿಡುವ ಹಳೇ ಚಾಳಿಯನ್ನು ಅದೂ ಬಿಡಲಿಲ್ಲ ಎಂಬುದು ನನ್ನ ವಾದ.

ಹಣದ ಕಡೆ ನೋಡಿ. ಬ್ರಿಟಿಷ್ ಇಂಡಿಯಾದ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮು ತಿಂಗಳಿಗೆ 50 ರೂಪಾಯಿಯ ಮಿತಿ ಹಾಕಿತ್ತು. 1955ರಲ್ಲಿ ಅದು 500 ಆಯಿತು. 2001ರಲ್ಲಿ ಮಿತಿಯೇ ಹೋಯಿತು. ಕಟ್ಟದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿಬಂದರೂ ಬಾಕಿ ತೀರದು ಎಂದು 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರಿಂದ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಕೊಡಬೇಕು. ಇಷ್ಟೆಲ್ಲ ಇದ್ದೂ ಇದು ಸಂಬಳದ ಚೀಟಿ ಇರುವವನಿಗೆ ಹೊಲಿದ ಅಂಗಿ. ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿ, ಹರಿಹರದ ಮೈಸೂರು ಕಿರ್ಲೋಸ್ಕರ್ ನಿಂತ ಮೇಲೆ, ಮಂಡಕ್ಕಿ ಭಟ್ಟಿಯಲ್ಲೋ ಆಟೋದಲ್ಲೋ ದುಡಿಯುವವನ ಯಾವ ಸಂಬಳ ಜಪ್ತಿ ಮಾಡುವುದು?

ಭೇಟಿಗೆ ಅಷ್ಟೂ ಇಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 25ನೇ ಕಲಮಿನಲ್ಲಿ, ಮನೆ ಬಿಟ್ಟುಹೋದ ಮಗುವನ್ನು ‘ಅರೆಸ್ಟ್’ ಮಾಡಿಸಿ ಪೋಷಕನಿಗೆ ಒಪ್ಪಿಸುವ ಮಾತಿದೆ (ಹೌದು, ಅದೇ ಪದ). ವಾರಕ್ಕೊಮ್ಮೆ ನೋಡಿಬರುವ ಮಾತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು ಎಣಿಸುವುದು ಸುಪರ್ದು, ಪೋಷಣೆ, ಶಿಕ್ಷಣ. ಭೇಟಿ ಬೆಳೆದದ್ದು ನ್ಯಾಯಾಧೀಶರ ಆದೇಶಗಳಲ್ಲಿ. 2013ರಲ್ಲಿ ನಮ್ಮ ಹೈಕೋರ್ಟ್ ಒಂದು ಮಗುವಿನ ವರ್ಷವನ್ನೇ ಇಬ್ಬರಿಗೂ ಆರಾರು ತಿಂಗಳಂತೆ ಹಂಚಿತು. ಆದರೆ ಆದೇಶ ಮುರಿದರೆ ಮತ್ತೊಂದು ಅರ್ಜಿ, ನ್ಯಾಯಾಂಗ ನಿಂದನೆ, ಇನ್ನೊಂದು ವಾಯಿದೆ. ಅಷ್ಟರಲ್ಲಿ ಮಗು ಒಂದು ತರಗತಿ ದಾಟಿರುತ್ತದೆ.

ರಾಜಿಯೇ ಮದ್ದು ಎನ್ನುವವರಿದ್ದಾರೆ. ಸಿರಿಗೆರೆ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರಗಳಂದು ಎಷ್ಟೋ ಸಂಸಾರದ ಜಗಳ ಬಗೆಹರಿದಿವೆ. ಅದನ್ನು ಹಗುರವಾಗಿ ನೋಡಲಾರೆ. ಆದರೆ ಜಮೀನಿನ ರಾಜಿ ಒಂದೇ ದಿನಕ್ಕೆ ಮುಗಿಯುತ್ತದೆ. ಭೇಟಿಯ ರಾಜಿಯನ್ನು ಹತ್ತು ಹನ್ನೆರಡು ವರ್ಷ, ವಾರವಾರವೂ ನಡೆಸಬೇಕು. ಮಗು ಅಮೀನ ಎತ್ತಿಕೊಂಡು ಹೋಗುವ ಪಾತ್ರೆಯಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಒಪ್ಪಿದೆ. ಬಲ ತೋರಬೇಕಾದ್ದು ಮಗುವಿನ ಮೇಲಲ್ಲ, ಬಾಗಿಲು ಹಾಕಿದ ಹಿರಿಯರ ಮೇಲೆ: ತಪ್ಪಿದ ಭಾನುವಾರಕ್ಕೆ ಬದಲಿ ದಿನ, ಮತ್ತೆ ತಪ್ಪಿದರೆ ಖರ್ಚು. ‘ದುಡ್ಡು ಕಟ್ಟದವನಿಗೆ ಮಗುವಿನ ಮುಖ ಯಾಕೆ ತೋರಿಸಬೇಕು’ ಎಂಬ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಬಾಕಿ ತಂದೆಯದು, ಭೇಟಿ ಮಗುವಿನದು. ‘ಮಗು ತೋರಿಸಿದರೆ ಕಟ್ಟುತ್ತೇನೆ’ ಎನ್ನುವವನಿಗೂ ಇದೇ ಉತ್ತರ. ಹೊಡೆತಬಡಿತದ ಭಯವಿದ್ದಲ್ಲಿ ಭೇಟಿ ನಿರಾಕರಿಸಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮು ದಾರಿ ಕೊಟ್ಟಿದೆ. ಅಲ್ಲಿಯೂ ಬೇಡವೆನ್ನುವ ಅಧಿಕಾರ ಮ್ಯಾಜಿಸ್ಟ್ರೇಟರದು.