28 ದಿನಗಳ ಪರೀಕ್ಷೆ, ನೂರು ವರ್ಷಗಳ ಗಾರೆ

ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದ ಸುತ್ತ ಇಂದು ಎತ್ತ ನೋಡಿದರೂ ಕಟ್ಟಡಗಳು ಏಳುತ್ತಿವೆ. ಅಂಥ ಕಾಮಗಾರಿಗಳ ಒಂದು ಮೂಲೆಯಲ್ಲಿ ನೀರು ತುಂಬಿದ ತೊಟ್ಟಿಯೊಂದಿರುತ್ತದೆ. ಅದರ ತಳದಲ್ಲಿ ದಿನಾಂಕ ಬರೆದ ಕಾಂಕ್ರೀಟಿನ ಘನಗಳು ಮುಳುಗಿರುತ್ತವೆ. ಪ್ರತಿ ಘನದ ಬದಿಯೂ 150 ಮಿಲಿಮೀಟರ್. 28 ದಿನ ನೆನೆದ ಬಳಿಕ ಅದನ್ನು ಯಂತ್ರದ ಎರಡು ಉಕ್ಕಿನ ಫಲಕಗಳ ನಡುವೆ ಇಟ್ಟು ಒಡೆಯುವವರೆಗೂ ಒತ್ತುತ್ತಾರೆ. ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಒತ್ತಡವನ್ನು ಅದು ತಾಳಿತೆಂಬುದೇ ಅದರ ಅಂಕಪಟ್ಟಿ. ಎಂ-20, ಎಂ-30 ಎಂದು ಗುತ್ತಿಗೆದಾರರು ಹೇಳುವ ಹೆಸರುಗಳ ಹಿಂದಿರುವುದು ಈ ಅಂಕಿಯೇ.

ಕನ್ನಡಿಗರಾದ ನಮಗೆ ನಾಸಿಕದಲ್ಲಿ ಈ ತೊಟ್ಟಿಗಳನ್ನು ಕಂಡಾಗ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ನೆನಪಾಗುವುದು ಸಹಜ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯ ಸಹಾಯಕ ಇಂಜಿನಿಯರರಾಗಿ ವೃತ್ತಿ ಆರಂಭಿಸಿದ್ದು ಇದೇ ನಾಸಿಕ ಜಿಲ್ಲೆಯಲ್ಲಿ. ಕಾಲು ಶತಮಾನದ ನಂತರ, 1909ರಲ್ಲಿ, ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಮೊದಲಾಯಿತು. ಆ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿಟ್ಟಿರುವ ಗಾರೆ ಇಂದಿನ 28 ದಿನಗಳ ಪರೀಕ್ಷೆಗೆ ಕುಳಿತಿದ್ದರೆ ಎಷ್ಟು ಅಂಕ ಗಳಿಸುತ್ತಿತ್ತು? ಬಹುಶಃ ಬಹಳ ಕಡಿಮೆ. ಆದರೂ ಅದು ನಿಂತಿದೆ. ಹಾಗಾದರೆ ಕಟ್ಟಡದ ಸಾಮಗ್ರಿಯೊಂದು ಸಮರ್ಥವೆಂದು ತೀರ್ಮಾನಿಸುವುದು ಯಾವ ಗಡಿಯಾರವನ್ನು ನೋಡಿ ಎಂಬ ಪ್ರಶ್ನೆಯನ್ನು ನಾವಿಲ್ಲಿ ಕೇಳಿಕೊಳ್ಳಬೇಕಾಗಿದೆ.

ಪ್ರಶ್ನೆ ಹಳೆಯದು, ಉತ್ತರದ ಒಂದು ಭಾಗ ಎಲ್ಲೋರದಲ್ಲಿದೆ. ಛತ್ರಪತಿ ಸಂಭಾಜಿನಗರದ ಸಮೀಪದ ಈ ಗುಹೆಗಳು ನಮಗೆ ಪರಕೀಯವಲ್ಲ. ಕೈಲಾಸನಾಥ ದೇವಾಲಯವನ್ನು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರಿನೊಂದಿಗೇ ನಾವು ಓದಿ ಬೆಳೆದವರು. ಅಲ್ಲಿನ 12ನೆಯ ಗುಹೆ ಬೌದ್ಧರದು. ಅದರ ಗೋಡೆಯ ಗಿಲಾವಿನ ಚೂರುಗಳನ್ನು ಪುರಾತತ್ವ ಇಲಾಖೆಯ ರಸಾಯನಶಾಸ್ತ್ರಜ್ಞ ರಾಜದೇವ್ ಸಿಂಗ್ ಮತ್ತು ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಂ. ಎಂ. ಸರದೇಸಾಯಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಜೇಡಿ ಮತ್ತು ಸುಣ್ಣದೊಳಗೆ ಅವರಿಗೆ ಸಿಕ್ಕಿದ್ದು ಭಂಗಿ ಗಿಡದ, ಅಂದರೆ ಗಾಂಜಾ ಗಿಡದ, ನಾರು. ಅಜಂತೆಯ ಗಿಲಾವಿನಲ್ಲಿ ಅದಿರಲಿಲ್ಲ. ಅಲ್ಲಿನ ಚಿತ್ರಗಳಿಗೆ ಕೀಟಗಳಿಂದ ಆದ ಹಾನಿ ಎಲ್ಲೋರದಲ್ಲಿ ಕಾಣಲಿಲ್ಲ.

ನಾರಿನ ಕೆಲಸ ಸರಳವಾದದ್ದು. ಗಿಲಾವು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಹುಟ್ಟುತ್ತದೆ. ಬಿರುಕಿನ ಎರಡು ದಡಗಳಿಗೂ ಚಾಚಿಕೊಂಡ ನಾರು ಅದು ಅಗಲವಾಗದಂತೆ ಹಿಡಿದಿಡುತ್ತದೆ. ಇಂದು ಉಕ್ಕು, ಗಾಜು, ಪಾಲಿಪ್ರೊಪಿಲೀನ್ ಎಳೆಗಳನ್ನು ಬೆರೆಸಿ ತಯಾರಿಸುವ ನಾರು ಕಾಂಕ್ರೀಟಿನ ತತ್ತ್ವವೂ ಇದೇ. ಆ ಎಳೆಗಳು ಘನದ ಒತ್ತಡ ಪರೀಕ್ಷೆಯಲ್ಲಿ ದೊಡ್ಡ ವ್ಯತ್ಯಾಸವನ್ನೇನೂ ತೋರಿಸುವುದಿಲ್ಲ. ಅವುಗಳ ಗುಣ ಕಾಣಿಸುವುದು ತೊಲೆಯನ್ನು ಬಾಗಿಸಿ ನೋಡಿದಾಗ: ಸಾದಾ ಕಾಂಕ್ರೀಟಿನ ತೊಲೆ ಫಟ್ಟನೆ ಎರಡಾಗುತ್ತದೆ, ನಾರಿನ ತೊಲೆ ಬಿರುಕು ಬಿಟ್ಟ ಮೇಲೂ ಭಾರ ಹೊರುತ್ತದೆ. ತಪ್ಪು ಪರೀಕ್ಷೆಗೆ ಕೂರಿಸಿದರೆ ಒಳ್ಳೆಯ ವಸ್ತುವೂ ಸಾಮಾನ್ಯವೆಂದೇ ಕಾಣುತ್ತದೆ.

ಕನ್ನಂಬಾಡಿಯ ಗಾರೆಯಲ್ಲಿದ್ದದ್ದು ನಾರಲ್ಲ, ಸುರ್ಕಿ. 1911ರಲ್ಲಿ ಸಿಮೆಂಟು ಬಹುಪಾಲು ಹಡಗಿನಲ್ಲಿ ಬರಬೇಕಿದ್ದ ದುಬಾರಿ ಸರಕು. ಪೋರಬಂದರಿನ ಕಾರ್ಖಾನೆಯಿಂದ ಸಿಮೆಂಟು ಹೊರಬಂದದ್ದು 1914ರಲ್ಲಿ. ಆದ್ದರಿಂದ ಮೈಸೂರಿನ ಇಂಜಿನಿಯರುಗಳು ಸುಣ್ಣಕ್ಕೆ ಸುಟ್ಟ ಜೇಡಿಯ ಪುಡಿಯನ್ನು ಬೆರೆಸಿದ ಗಾರೆಯನ್ನೇ ನೆಚ್ಚಿದರು. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕು. ದಪ್ಪ ಗೋಡೆಯ ಒಳಗೆ, ನೀರಿನ ಅಡಿಯಲ್ಲಿ ಅದು ದೊರೆಯದು. ಸುರ್ಕಿ ಆ ಕೊರತೆಯನ್ನು ತುಂಬುತ್ತದೆ. ಹದವಾಗಿ ಸುಟ್ಟ ಜೇಡಿಯಲ್ಲಿನ ಸಿಲಿಕಾ ಮತ್ತು ಅಲ್ಯುಮಿನಾಗಳು ನೀರಿನ ಸಾನ್ನಿಧ್ಯದಲ್ಲಿ ಸುಣ್ಣದೊಡನೆ ಕೂಡಿ, ಸಿಮೆಂಟು ಗಟ್ಟಿಯಾಗುವಾಗ ಹುಟ್ಟುವಂಥದೇ ಬಂಧಕವನ್ನು ಕೊಡುತ್ತವೆ. ರೋಮನ್ನರು ಪೊಝುವೋಲಿಯ ಜ್ವಾಲಾಮುಖಿ ಬೂದಿಯಿಂದ ಪಡೆದದ್ದೂ ಇದನ್ನೇ. ನಮ್ಮಲ್ಲಿ ಬೂದಿಯಿರಲಿಲ್ಲ, ಇಟ್ಟಿಗೆ ಗೂಡಿತ್ತು.

ಹದವಾಗಿ ಎಂಬ ಮಾತಿನಲ್ಲೇ ತೊಡಕಿದೆ. ಜೇಡಿಯನ್ನು ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದು ಚುರುಕಾಗುತ್ತದೆ. ಕಡಿಮೆ ಸುಟ್ಟರೆ ಮಣ್ಣಾಗಿಯೇ ಉಳಿಯುತ್ತದೆ; ಅತಿಯಾಗಿ ಸುಟ್ಟರೆ ಗಾಜಿನಂತೆ ಬಿಗಿದು ಸುಣ್ಣಕ್ಕೆ ಸ್ಪಂದಿಸುವುದಿಲ್ಲ. ಮನೆಗೋಡೆಗೆ ಯೋಗ್ಯವಾದ, ಠಣ್ಣೆನ್ನುವ ಇಟ್ಟಿಗೆ ಸುರ್ಕಿಗೆ ಯೋಗ್ಯವಲ್ಲ. ಗೂಡಿನಿಂದ ಗೂಡಿಗೆ ಗುಣ ಬದಲಾಗುತ್ತಿದ್ದ ಇಂಥ ವಸ್ತುವಿಗೆ ಪರೀಕ್ಷೆ ಅನಗತ್ಯವಾಗಿತ್ತೆಂದು ಯಾರೂ ಹೇಳಲಾರರು. ಮುಂದೆ ಭಾರತೀಯ ಮಾನಕ ಸಂಸ್ಥೆಯು ಸುಟ್ಟ ಜೇಡಿಯ ಪುಡಿಗಾಗಿಯೇ ಮಾನದಂಡವನ್ನೂ, ಸುಣ್ಣದೊಡನೆ ಅದು ಎಷ್ಟು ಚುರುಕಾಗಿ ಕೂಡುತ್ತದೆಂದು ಅಳೆಯುವ ವಿಧಾನವನ್ನೂ ರೂಪಿಸಿತು. ಅಷ್ಟು ಹೊತ್ತಿಗೆ ಕಾಮಗಾರಿಗಳಿಂದ ಸುರ್ಕಿ ಮರೆಯಾಗತೊಡಗಿತ್ತು. ಅದು ನಿಧಾನಿ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಲಗೊಳ್ಳುತ್ತಾ ಹೋಗುವ ಗಾರೆಗೆ 28ನೆಯ ದಿನದ ಅಂಕಿ ನ್ಯಾಯ ಒದಗಿಸದು. ಆದರೆ ಒಂದರ ಮೇಲೊಂದು ಅಂತಸ್ತು ಏರಿಸಬೇಕಾದ ಗುತ್ತಿಗೆದಾರ ವರ್ಷಗಟ್ಟಲೆ ಕಾಯಲಾರ.

ಹಾಗೆಂದು ಹಳೆಯದೆಲ್ಲ ಶಾಶ್ವತವೆಂದು ಬೀಗುವುದೂ ಸಲ್ಲದು. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೂ ಸುಣ್ಣ ಮತ್ತು ಸುರ್ಕಿಯದೇ. ಜಿನುಗುವ ನೀರು ಒಳಗಿನ ಸುಣ್ಣವನ್ನು ಕರಗಿಸಿ ಹೊರತರುತ್ತಿದೆಯೆಂಬ ಆತಂಕ ಅದನ್ನು ದಶಕಗಳಿಂದ ಕಾಡಿದೆ. 1979ರ ನಂತರ ಅದರ ತಲೆಗೆ ಬಲವರ್ಧಿತ ಕಾಂಕ್ರೀಟಿನ ಹೊದಿಕೆ ಹಾಕಿದರು, ಉಕ್ಕಿನ ತಂತಿಗಳನ್ನು ಆಳಕ್ಕೆ ಇಳಿಸಿ ಬಿಗಿದರು, ಹಿಂಬದಿಗೆ ಕಾಂಕ್ರೀಟಿನ ಆಸರೆ ಕೊಟ್ಟರು. ಸುಪ್ರೀಂ ಕೋರ್ಟು 2014ರಲ್ಲಿ 142 ಅಡಿಯವರೆಗೆ ನೀರು ನಿಲ್ಲಿಸಲು ಒಪ್ಪಿತು. ಕೆಳದಂಡೆಯ ಜನರ ಅಂಜಿಕೆ ಮಾತ್ರ ತೀರ್ಪಿನಿಂದ ಅಳಿಯಲಿಲ್ಲ. ತುಂಗಭದ್ರೆಯ ಅಣೆಕಟ್ಟಿನಲ್ಲೂ ಸುರ್ಕಿ ಬೆರೆತ ಗಾರೆಯಿದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿ ಕೈಕೊಟ್ಟದ್ದು ಗಾರೆಯಲ್ಲ, 19ನೆಯ ಗೇಟಿನ ಸರಪಳಿ. ಗೇಟು ಕೊಚ್ಚಿಹೋಗಿ, ರೈತರು ಬೆಳೆಗೆಂದು ಕಾದಿದ್ದ ನೀರು ಹೊಳೆ ಪಾಲಾಯಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ನಾಡು ಉಸಿರು ಬಿಗಿಹಿಡಿದಿತ್ತು. ಕಟ್ಟಡವೊಂದರ ಆಯುಸ್ಸನ್ನು ನಿರ್ಧರಿಸುವುದು ಅದರ ಅತ್ಯಂತ ದುರ್ಬಲ ಭಾಗ; ನಾವು ನೋಡದೆ ಬಿಟ್ಟ ಭಾಗ.

ಕನ್ನಂಬಾಡಿಯೂ ಈ ಚಿಂತೆಯಿಂದ ಹೊರತಲ್ಲ. ಸಮೀಪದ ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಅಣೆಕಟ್ಟಿಗೆ ಅಪಾಯವಿದೆಯೇ ಎಂದು ತಿಳಿಯಲು 2022ರಲ್ಲಿ ಪರೀಕ್ಷಾರ್ಥ ಸ್ಫೋಟ ನಡೆಸಲು ಮುಂದಾದಾಗ ರೈತರು ವಿರೋಧಿಸಿದರು. ಪರೀಕ್ಷೆಯೇ ಪೆಟ್ಟಾಗಬಾರದೆಂಬ ಅವರ ವಾದ ಅವೈಜ್ಞಾನಿಕವೆಂದು ನಮಗೆ ಅನಿಸುವುದಿಲ್ಲ. ಅಂಬಡಿನ ತೊಟ್ಟಿಯಲ್ಲಿರುವ ಘನವನ್ನು ಒಡೆದು ನೋಡಬಹುದು, ಏಕೆಂದರೆ ಅದು ಕಟ್ಟಡವಲ್ಲ. ಕಟ್ಟಡವನ್ನೇ ಪರೀಕ್ಷಿಸಬೇಕಾದಾಗ ಒಡೆಯದೆ ಅರಿಯುವ ದಾರಿಗಳು ಬೇಕು: ಶ್ರವಣಾತೀತ ಧ್ವನಿ ಒಳಗೆ ಎಷ್ಟು ವೇಗದಲ್ಲಿ ಹಾಯುತ್ತದೆಂದು ಅಳೆಯುವುದು, ಜಿನುಗುವ ನೀರಿನ ಪ್ರಮಾಣವನ್ನೂ ಅದರಲ್ಲಿ ಕರಗಿದ ಸುಣ್ಣವನ್ನೂ ವರ್ಷ ವರ್ಷ ಲೆಕ್ಕವಿಡುವುದು, ಅನಿವಾರ್ಯವಾದಲ್ಲಿ ಮಾತ್ರ ಸಣ್ಣ ತಿರುಳನ್ನು ಕೊರೆದು ತೆಗೆಯುವುದು. ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇರುವುದು ಕೃಷ್ಣರಾಜಸಾಗರದಲ್ಲೇ. ನಾಸಿಕದಲ್ಲಿ 1959ರಿಂದ ಮಹಾರಾಷ್ಟ್ರದ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಿದೆ. ಇಂಥ ಸಂಸ್ಥೆಗಳ ಬೆಲೆ ನಮಗೆ ತಿಳಿಯುವುದು ಗೇಟು ಕೊಚ್ಚಿಹೋದ ಮರುದಿನ ಎಂಬುದು ವಿಷಾದದ ಸಂಗತಿ.

ಹೊಸ ಕಾಂಕ್ರೀಟಿನ ಹೊಣೆ ಇನ್ನೂ ಹೆಚ್ಚಿನದು, ಏಕೆಂದರೆ ಅದರೊಳಗೆ ಉಕ್ಕಿದೆ. ಮರಾಠವಾಡದ ಜಾಲ್ನಾ ಉಕ್ಕಿನ ಸರಳುಗಳಿಗೆ ಹೆಸರಾದ ಊರು. ಆ ಜಿಲ್ಲೆಯಲ್ಲಿಯೂ ಅಂಬಡ್ ಎಂಬ ತಾಲ್ಲೂಕು ಕೇಂದ್ರವೊಂದಿದೆ. ಒಂದು ಅಂಬಡಿನ ಮಗ್ಗುಲಲ್ಲಿ ಹುಟ್ಟಿದ ಸರಳು ಇನ್ನೊಂದು ಅಂಬಡಿನ ಕಂಬದೊಳಗೆ ಸೇರುವುದು ಅಸಂಭವವೇನಲ್ಲ. ಕಾಂಕ್ರೀಟಿನ ಕ್ಷಾರಗುಣ ಸರಳನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿ ಮತ್ತು ತೇವ ನಿಧಾನವಾಗಿ ಒಳನುಗ್ಗಿ ಆ ಗುಣ ಕುಂದಿದಾಗ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಪದರ ಕಳಚಿ ಬೀಳುತ್ತದೆ. ಇದಕ್ಕೆ 28 ದಿನಗಳ ಅಂಕಿಯಲ್ಲಿ ಉತ್ತರವಿಲ್ಲ. ಸರಳಿನ ಮೇಲೆ ಎಷ್ಟು ದಪ್ಪ ಹೊದಿಕೆಯಿದೆ, ಎಷ್ಟು ನೀರು ಬೆರೆಸಿದರು, ಎಷ್ಟು ದಿನ ನೀರುಣಿಸಿದರು ಎಂಬುದರಲ್ಲಿದೆ. ಕನ್ನಂಬಾಡಿಯ ಕಲ್ಲುಗೋಡೆಗೆ ಈ ರೋಗವಿಲ್ಲ. ತುಕ್ಕು ಹಿಡಿಯಲು ಅದರ ಒಡಲಲ್ಲಿ ಉಕ್ಕಿನ ಸರಳುಗಳ ಹೆಣಿಗೆಯಿಲ್ಲ.

ಈ ನಡುವೆ ಸುರ್ಕಿ ಹೊಸ ವೇಷದಲ್ಲಿ ಮರಳುತ್ತಿದೆ. ಸಿಮೆಂಟಿನ ಕ್ಲಿಂಕರನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. ಆ ಶಾಖದಿಂದಲೂ ಸುಣ್ಣಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಧಾರಾಳವಾಗಿ ಹೊರಬರುತ್ತದೆ. ಆದ್ದರಿಂದ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಕ್ಯಾರೆನ್ ಸ್ಕ್ರಿವೆನರ್ ಅವರ ತಂಡ, ದೆಹಲಿ ಮತ್ತು ಮದ್ರಾಸಿನ ಐಐಟಿಗಳು ಹಾಗೂ ಇತರರು ಸೇರಿ ಕ್ಲಿಂಕರಿನ ಸುಮಾರು ಅರ್ಧಭಾಗವನ್ನು ಸುಟ್ಟ ಜೇಡಿ ಮತ್ತು ಹಸಿ ಸುಣ್ಣಕಲ್ಲಿನ ಪುಡಿಯಿಂದ ತುಂಬುವ ಸಿಮೆಂಟನ್ನು ಬೆಳೆಸಿದ್ದಾರೆ. 2023ರಲ್ಲಿ ಅದಕ್ಕೆ ಭಾರತೀಯ ಮಾನದಂಡವೂ ಬಂದಿತು. ನಮ್ಮ ಅಜ್ಜಂದಿರು ಗೂಡಿನ ಬಣ್ಣ ನೋಡಿ ಊಹಿಸುತ್ತಿದ್ದ ಹದವನ್ನು ಈಗ ಉಪಕರಣಗಳು ಅಳೆಯುತ್ತವೆ.

ಮನೆ ಕಟ್ಟಿಸುವ ಗೆಳೆಯರಿಗೆ ನಾವು ಹೇಳುವುದಿಷ್ಟೇ: ಘನದ ಅಂಕಿಯನ್ನು ತಪ್ಪದೆ ಕೇಳಿ, ಅದು ಮೊದಲ ಪರೀಕ್ಷೆ. ಕಟ್ಟಡ ಮುಗಿದ ಮೇಲೆ ಪ್ರತಿ ಮಳೆಗಾಲದ ನಂತರವೂ ಒಮ್ಮೆ ತಾರಸಿಯನ್ನು, ಕಂಬದ ಬುಡವನ್ನು ಕಣ್ಣಾರೆ ನೋಡಿ. ಅಣೆಕಟ್ಟಿನ ಕೆಳಗೆ ಬದುಕುವವರು ಸರ್ಕಾರದಿಂದ ಕೇಳಬೇಕಾದದ್ದೂ ಇದನ್ನೇ: ಪ್ರತಿ ವರ್ಷ ನೋಡುವ ಕಣ್ಣು, ಮತ್ತು ಕಂಡದ್ದನ್ನು ಬರೆದಿಡುವ ಪುಸ್ತಕ.